ಕೆಂಪು ದಾರ ಕಟ್ಟಿದ ವೈರು

ಸೊಸೆ ಕಾರಿಗೆ ಸ್ಟೀರಿಯೊ ತಂದದ್ದು ಹಾಡು ಕೇಳುವ ಆಸೆಯಿಂದಲ್ಲ, ಮಾವ ಮತ್ತು ಗಂಡನ ಮಾತು ಕಿವಿಗೆ ಬೀಳದಿರಲಿ ಎಂದು.

ಅವಳು ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಳೆಯಾಚೆಯ ಆಸ್ಪತ್ರೆಯವರು ತೊಂಬತ್ತು ಜನ ನರ್ಸುಗಳ ಸಮವಸ್ತ್ರ ಹೊಲಿಯುವ ಕೆಲಸ ಕೊಡುವುದಾಗಿ ಹೇಳಿದ್ದರು. ಆದರೆ ವಾರಕ್ಕೆ ಮೂರು ದಿನ ಗಂಟು ಹೊತ್ತು ಅಲ್ಲಿಗೇ ಹೋಗಬೇಕು, ಅಲ್ಲೇ ತೊಡಿಸಿ ನೋಡಿ ಅಳತೆ ಸರಿಪಡಿಸಬೇಕು. ಆ ದಾರಿಯಲ್ಲಿ ದಿನಕ್ಕೆ ಎರಡೇ ಬಸ್ಸು, ಎರಡರಲ್ಲೂ ಗಂಟು ಹತ್ತಿಸಲು ಬಿಡುವುದಿಲ್ಲ. "ಒಂದನೇ ತಾರೀಖಿಂದ ಬರೋಕಾಗುತ್ತಾ ಹೇಳಿ. ಆಗದಿದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದಿದ್ದರು ಹಿರಿಯ ನರ್ಸು. ಡ್ರೈವಿಂಗ್ ಟೆಸ್ಟು ಇಪ್ಪತ್ತೆಂಟಕ್ಕೆ ಸಿಕ್ಕಿತ್ತು. ಅದರಲ್ಲಿ ಫೇಲಾದರೆ ಮತ್ತೆ ಒಂದು ತಿಂಗಳು ಕಾಯಬೇಕು.

ಕಾರು ಇತ್ತು. ಮಾವ ಮನೆ ವೈರಿಂಗ್ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಪೈಪು, ವೈರಿನ ಸುರುಳಿ ಹೇರಿಕೊಂಡು ಓಡಾಡಿದ್ದ, ಇಪ್ಪತ್ತೊಂಬತ್ತು ವರ್ಷದ ಬೂದು ಬಣ್ಣದ ಕಾರು. ಎರಡು ವರ್ಷದ ಹಿಂದೆ ಕಣ್ಣಿನ ಪರೀಕ್ಷೆಯಲ್ಲಿ ಮಾವನ ಲೈಸೆನ್ಸು ನಿಂತುಹೋಗಿತ್ತು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಮಗನ ಹತ್ತಿರ ಲೈಸೆನ್ಸು ಇತ್ತು. ಹಾಗಾಗಿ ಕಲಿಯುವವಳ ಪಕ್ಕದಲ್ಲಿ ಮಗ ಕೂರುತ್ತಿದ್ದ. ಹಿಂದಿನ ಸೀಟಿನಲ್ಲಿ, ಯಾರೂ ಕರೆಯದಿದ್ದರೂ, ಮಾವ ಕೂರುತ್ತಿದ್ದರು.

"ಕ್ಲಚ್ ಬಿಡು."

"ಈಗಲೇ ಬಿಡಬೇಡಮ್ಮ."

"ಅಪ್ಪಾ, ನಾನು ಹೇಳ್ಕೊಡ್ತಿದ್ದೀನಿ."

"ನಿನಗೆ ಹೇಳ್ಕೊಟ್ಟಿದ್ದು ಯಾರು?"

"ನೀವೇ. ಅದಕ್ಕೇ ನಾನು ಮೂರು ಸಲ ಫೇಲಾಗಿದ್ದು."

ಅಷ್ಟರಲ್ಲಿ ಕಾರು ಎರಡು ಸಲ ಜಿಗಿದು ನಾಲ್ಕು ರಸ್ತೆ ಕೂಡುವಲ್ಲಿ ನಿಂತುಹೋಯಿತು. ಹಿಂದಿನ ಹಾಲಿನ ವ್ಯಾನಿನವನು ಹಾರ್ನ್ ಮೇಲೆ ಹಾರ್ನ್ ಹಾಕಿದ. ಸೊಸೆ ಸ್ಟಿಯರಿಂಗ್ ಹಿಡಿದುಕೊಂಡೇ ಕೇಳಿದಳು: "ಈಗ ಏನು ಮಾಡ್ಲಿ?"

"ಮೊದಲನೇ ಗೇರು," ಎಂದ ಗಂಡ.

"ನ್ಯೂಟ್ರಲ್ಲು," ಎಂದರು ಮಾವ.

ಮರುದಿನ ಗುಂಡಿ, ದಾರ ತರಲು ಹೋದವಳು ಪಕ್ಕದ ಅಂಗಡಿಯಿಂದ ಒಂದು ಕಾರ್ ಸ್ಟೀರಿಯೊವನ್ನೂ ತಂದಳು. ಡ್ಯಾಶ್‌ಬೋರ್ಡಿನಲ್ಲಿ ಹಿಂದೆ ಯಾವಾಗಲೋ ಕ್ಯಾಸೆಟ್ ರೇಡಿಯೊ ಇದ್ದ ಜಾಗ ಖಾಲಿಯೇ ಇತ್ತು. ಮಾವ ಅದಕ್ಕೆ ರಟ್ಟು ಅಂಟಿಸಿದ್ದರು.

"ಯಾಕೆ ಇದು?" ಎಂದ ಗಂಡ.

"ಹಾಡು ಇದ್ರೆ ನನಗೆ ಧೈರ್ಯ ಬರುತ್ತೆ." ನಿಜವಾದ ಕಾರಣವನ್ನು ಅತ್ತೆಗೆ ಮಾತ್ರ ಹೇಳಿದಳು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ನಲವತ್ತೈದು ವರ್ಷದ ಹಿಂದೆ ನನಗೆ ಇದು ಹೊಳೀಲಿಲ್ಲ ನೋಡು."

ಶನಿವಾರ ಕಾರು ತಂದರೆ ಒಂದು ಗಂಟೆಯಲ್ಲಿ ಜೋಡಿಸಿಕೊಡುತ್ತೇನೆ ಎಂದಿದ್ದ ಅಂಗಡಿಯವನು. ಮಾವ ಒಪ್ಪಲಿಲ್ಲ.

"ನನ್ನ ಕಾರನ್ನ ಅವನ ಕೈಗೆ ಕೊಡೋದಾ? ಈ ಬೀದಿಯಲ್ಲಿ ಅರ್ಧ ಮನೆಗಳ ದೀಪ ಹತ್ತಿದ್ದು ನನ್ನ ಕೈಯಿಂದ."

"ಮನೆ ಕರೆಂಟು ಬೇರೆ, ಕಾರಿನ ಕರೆಂಟು ಬೇರೆ ಅಪ್ಪಾ."

"ಆ ವಿಷಯ ಕರೆಂಟಿಗೆ ಗೊತ್ತಾ?"

ಭಾನುವಾರ ಬೆಳಿಗ್ಗೆ ಬ್ಯಾಟರಿಯ ವೈರು ಕಳಚಿ ಡ್ಯಾಶ್‌ಬೋರ್ಡ್ ಬಿಚ್ಚಿದರು. ಸಂಜೆಯ ಹೊತ್ತಿಗೆ ಮುಗಿಯಬೇಕಾದ ಕೆಲಸ. ಸಂಜೆಗೆ ಸ್ಕ್ರೂಗಳೆಲ್ಲ ಅಂಗಳದಲ್ಲಿದ್ದವು, ಅಪ್ಪ ಮಗ ಇನ್ನೂ ಮೊದಲನೇ ವೈರಿನ ಚರ್ಚೆಯಲ್ಲಿದ್ದರು.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಹೊಸ ಸ್ಟೀರಿಯೊದ ಹಿಂದೆ ಹಳದಿ ವೈರು: ಅದಕ್ಕೆ ಸದಾ ಕರೆಂಟು ಬರುತ್ತಿರಬೇಕು, ಗಂಟೆ, ಸ್ಟೇಷನ್ನು, ಶಬ್ದದ ಮಟ್ಟ ಎಲ್ಲ ಅದರಿಂದಲೇ ನೆನಪಿರುವುದು. ಕೆಂಪು ವೈರು: ಕಾರಿನ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿಗೆ ಅದನ್ನು ಸೇರಿಸಬೇಕು. ಕಪ್ಪು ವೈರು ಕಾರಿನ ಮೈಗೆ. ಉಳಿದವು ಸ್ಪೀಕರಿಗೆ. ತೊಡಕಿದ್ದದ್ದು ಕಾರಿನ ಕಡೆಯಲ್ಲಿ. ಇಪ್ಪತ್ತೊಂಬತ್ತು ವರ್ಷದ ಬಿಸಿಲು, ಧೂಳು, ಎಣ್ಣೆ ಸೇರಿ ಅಲ್ಲಿನ ವೈರುಗಳೆಲ್ಲ ಸೋಸಿ ಉಳಿದ ಚಹಾಪುಡಿಯ ಬಣ್ಣಕ್ಕೆ ಬಂದಿದ್ದವು.

ಮಗ ಸ್ಟೀರಿಯೊದ ಜೊತೆ ಬಂದ ಕಿರುಪುಸ್ತಕ ಹಿಡಿದು ಕೂತಿದ್ದ. ಅದು ಹನ್ನೊಂದು ಭಾಷೆಗಳಲ್ಲಿತ್ತು. ಅವುಗಳಲ್ಲಿ ಒಂದೂ ಮನೆಯಲ್ಲಿ ಯಾರಿಗೂ ಬಾರದು. ಲೈಬ್ರರಿಯಿಂದ ನಿಘಂಟು ತಂದಿದ್ದ.

"ಪುಟ ಹದಿನಾಲ್ಕರಲ್ಲಿ ಎಚ್ಚರಿಕೆ ಅಂತ ಇದೆ ಅಪ್ಪಾ."

"ಏನು ಎಚ್ಚರಿಕೆ?"

"ಅದನ್ನೇ ಹುಡುಕ್ತಿದ್ದೀನಿ."

ಮಾವ ಪುಸ್ತಕದ ತಂಟೆಗೆ ಹೋಗಲಿಲ್ಲ. ಸೋಮವಾರ ಮಗ ಕೆಲಸಕ್ಕೆ ಹೋದ ಮೇಲೆ ಬ್ಯಾಟರಿ ಸೇರಿಸಿ, ಎರಡು ವೈರು ಬೆಸೆದ ಪುಟ್ಟ ಬಲ್ಬು ಹಿಡಿದು ಒಂದೊಂದನ್ನೇ ಮುಟ್ಟಿಸಿ ನೋಡಿದರು. ಕೀ ತಿರುಗಿಸದೆಯೂ ಬಲ್ಬು ಹತ್ತಿದ ವೈರಿಗೆ ಹಳದಿ ದಾರ ಕಟ್ಟಿದರು. ಕೀ ತಿರುಗಿಸಿದಾಗ ಮಾತ್ರ ಹತ್ತಿದ ವೈರಿಗೆ ಕೆಂಪು ದಾರ. ಮೈಗೆ ಸೇರುವುದಕ್ಕೆ ಕಪ್ಪು. ದಾರಗಳು ಸೊಸೆಯ ಡಬ್ಬಿಯವು. ಅಲ್ಲಿಯವರೆಗೆ ಕೆಲಸ ಕರಾರುವಾಕ್ಕಾಗಿತ್ತು.

ಆದರೆ ಆ ಮನೆಯಲ್ಲಿ ದಾರದ ಚೂರು ಕಂಡರಾಗದವರೊಬ್ಬರಿದ್ದರು. ಟೈಲರಿರುವ ಮನೆ, ಹಾಸಿಗೆಯಲ್ಲಿ ದಾರ, ತಟ್ಟೆಯಲ್ಲಿ ದಾರ, ಹಲ್ಲುಜ್ಜುವ ಬ್ರಷ್ಷಿಗೂ ದಾರ. ಅತ್ತೆ ಹದಿನೆಂಟು ವರ್ಷದಿಂದ ಅಂಗೈ ಒದ್ದೆ ಮಾಡಿಕೊಂಡು ಮನೆಯೆಲ್ಲ ಸವರುತ್ತ ಬಂದಿದ್ದರು. ಗುರುವಾರ ಕಾರಿನ ಒಳಗನ್ನು ಒರೆಸಲು ಹೋದವರು ಡ್ಯಾಶ್‌ಬೋರ್ಡಿನ ತೂತಿನಲ್ಲಿ ಮೂರು ಬಣ್ಣದ ದಾರ ನೇತಾಡುವುದನ್ನು ಕಂಡರು. ಕತ್ತರಿ ತಂದು ಮೂರನ್ನೂ ಕತ್ತರಿಸಿ ಕಸದ ಡಬ್ಬಿಗೆ ಹಾಕಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಸೊಸೆಗೆ ಹೇಳಿದರು: "ಇನ್ನೇನಿಲ್ಲಮ್ಮ, ಅರ್ಧ ಗಂಟೆ ಕೆಲಸ. ದಾರ ಕಟ್ಟಿ ಗುರುತು ಮಾಡಿದ್ದೀನಿ. ಕಣ್ಣು ಮುಚ್ಕೊಂಡು ಜೋಡಿಸಬಹುದು."

ಅತ್ತೆಯ ಕೈಯಲ್ಲಿದ್ದ ಅನ್ನದ ಸೌಟು ತಟ್ಟೆಯ ಮೇಲೆ ಹಾಗೇ ನಿಂತಿತು.

"ಬಡಿಸ್ತೀಯೋ, ತೋರಿಸ್ತೀಯೋ?" ಎಂದರು ಮಾವ.

ಅವರು ಮಲಗಿದ ಮೇಲೆ ಅತ್ತೆ ಕಸದ ಡಬ್ಬಿಯಿಂದ ಮೂರು ದಾರ ಹೆಕ್ಕಿದರು. ಕಟ್ಟಲು ಉದ್ದ ಸಾಲದೆ ಸೊಸೆಯ ಡಬ್ಬಿಯಿಂದ ಹೊಸ ತುಂಡು ತೆಗೆದುಕೊಂಡರು. ನೆನಪಿನ ಮೇಲೆ, ಮೊದಲಿಗಿಂತ ಅಚ್ಚುಕಟ್ಟಾಗಿ, ಎರಡೆರಡು ಗಂಟು ಹಾಕಿ ಕಟ್ಟಿದರು. ಹಳದಿ ಸರಿಯಾದ ಜಾಗಕ್ಕೇ ಬಿತ್ತು. ಕಪ್ಪೂ ಸರಿಯಾಯಿತು. ಕೆಂಪು ದಾರ ಮಾತ್ರ ಒಂದು ವೈರು ಪಕ್ಕಕ್ಕೆ ಸರಿಯಿತು. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಆಗಿಲ್ಲ ಎಂದುಕೊಂಡಿದ್ದರು.

ಶನಿವಾರ ಸಂಜೆ ಎಲ್ಲ ಜೋಡಿಸಿ ಮುಗಿಯಿತು. ಮಾವ ಕೀ ತಿರುಗಿಸಿದರು. ಸ್ಟೀರಿಯೊ ಕಪ್ಪಗೆ ಕೂತಿತ್ತು.

"ಫ್ಯೂಸ್ ಇರಬೇಕು."

ಫ್ಯೂಸ್ ಸರಿ ಇತ್ತು.

"ಬ್ಯಾಟರಿ ಇಳಿದಿರಬೇಕು."

ಹಾರ್ನ್ ಒತ್ತಿದರು. ಎದುರುಮನೆಯವರು ಹೊರಗೆ ಬಂದು ನೋಡಿದರು.

"ಬಲ್ಬು ಹಿಡಿದು ಇನ್ನೊಂದು ಸಲ ನೋಡೋಣ ಅಪ್ಪಾ," ಎಂದ ಮಗ.

"ಒಂದು ಸಲ ನೋಡಿ ಗುರುತು ಕಟ್ಟಿದ ಮೇಲೆ ಮತ್ತೆ ನೋಡೋದಾದ್ರೆ ಗುರುತು ಯಾಕೋ ಕಟ್ಟೋದು? ನಲವತ್ತು ವರ್ಷ ಹಾಗೇ ಕೆಲಸ ಮಾಡಿದ್ದೀನಿ. ಯಾರ ಮನೆಯಲ್ಲೂ ಫ್ಯಾನ್ ಸ್ವಿಚ್ಚಿಗೆ ದೀಪ ಹತ್ತಿಲ್ಲ."

"ಹಾಗಾದ್ರೆ ಇದ್ಯಾಕೆ ಮಾತಾಡ್ತಿಲ್ಲ?"

"ಮಾಲೇ ಕೆಟ್ಟದ್ದು. ನಿನ್ನ ಹೆಂಡತಿಗೆ ಅಂಗಡಿಯವನು ಟೋಪಿ ಹಾಕಿದ್ದಾನೆ."

ಸೋಮವಾರ ಸ್ಟೀರಿಯೊ ಬಿಚ್ಚಿ ಅಂಗಡಿಗೆ ಒಯ್ದರು. ಅಂಗಡಿಯವನು ಮೇಜಿನ ಮೇಲಿಟ್ಟು ಮೂರು ವೈರು ತಾಗಿಸಿದ. ಅರ್ಧ ನಿಮಿಷದಲ್ಲಿ ಅದು ಹಾಡತೊಡಗಿತು. "ಕಾರು ತಂದ್ಬಿಡಿ ಯಜಮಾನ್ರೇ," ಎಂದ. ಮಾವ ಸ್ಟೀರಿಯೊವನ್ನು ಕಂಕುಳಲ್ಲಿಟ್ಟುಕೊಂಡು ವಾಪಸು ಬಂದರು. ಮನೆಯಲ್ಲಿ ಮಗ, "ನಾನು ಮೊದಲೇ ಹೇಳಿದ್ದೆ," ಎಂದ. ಅಂದಿನಿಂದ ಅಪ್ಪ ಮಗನಿಗೆ ಮಾತು ನಿಂತಿತು.

ಊಟದ ಹೊತ್ತಿನಲ್ಲಿ ಅತ್ತೆಯೇ ನಡುವಿನ ಅಂಚೆ.

"ನಿನ್ನ ಮಗನಿಗೆ ಉಪ್ಪು ಈ ಕಡೆ ಕೊಡೋಕೆ ಹೇಳು."

"ಉಪ್ಪು ಕೊಡ್ಬೇಕಂತೆ ಕಣೋ."

"ಬಲ್ಬು ಹಿಡಿದು ನೋಡಿದ್ರಾ ಅಂತ ಕೇಳಮ್ಮಾ."

"ನಾನು ಉಪ್ಪಿನ ವಿಷಯ ಮಾತ್ರ ಹೇಳ್ತೀನಪ್ಪಾ," ಎಂದರು ಅತ್ತೆ. "ವೈರಿನ ವಿಷಯಕ್ಕೆ ನಾನಿಲ್ಲ." ಅನ್ನದಲ್ಲಿ ಸಿಕ್ಕ ಒಂದು ಸ್ಕ್ರೂವನ್ನು ಎತ್ತಿ ತಟ್ಟೆಯ ಅಂಚಿನಲ್ಲಿಟ್ಟರು. ಮನೆಯಲ್ಲಿ ಸ್ಕ್ರೂ ಸಿಗುತ್ತಿದ್ದದ್ದು ಅದು ನಾಲ್ಕನೇ ಸಲ.

ಸೊಸೆ ಅಷ್ಟೂ ದಿನ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕ್ಲಚ್ಚು ಅಭ್ಯಾಸ ಮಾಡುತ್ತಿದ್ದಳು. ಎಡಗಾಲು ನಿಧಾನವಾಗಿ ಬಿಟ್ಟು, ಬಲಗಾಲು ಒತ್ತಿ. ಅದರಿಂದ ಒಂದು ರವಿಕೆಯ ತೋಳು ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು. ಇವತ್ತು ಅವಳು ತಟ್ಟೆ ಬದಿಗೆ ಸರಿಸಿದಳು.

"ಟೆಸ್ಟಿಗೆ ಇನ್ನು ಹತ್ತು ದಿನ. ನಾಳೆಯಿಂದ ಕಾರು ನನಗೆ ಬೇಕು. ಹಾಡದಿದ್ರೆ ಬಿಡಲಿ. ಮುಚ್ಚಿ ಕೊಡಿ."

ಮುಚ್ಚಿದರು. ಎರಡು ಸ್ಕ್ರೂ ಉಳಿದವು.

ಮರುದಿನ ಮಗ ಪಕ್ಕದಲ್ಲಿ ಕೂತ, ಮಾವ ಹಿಂದೆ. ಯಾರೂ ಮಾತಾಡಲಿಲ್ಲ. ತಾನು ಬಾಯಿ ತೆರೆದರೆ ಇನ್ನೊಬ್ಬರು ತಪ್ಪು ಹಿಡಿಯುತ್ತಾರೆ ಎಂದು ಇಬ್ಬರಿಗೂ ಹೆದರಿಕೆ. ಸೊಸೆ ಮೊದಲ ಬಾರಿಗೆ ಎಂಜಿನ್ನಿನ ಸದ್ದು ಕೇಳಿದಳು. ಯಾವಾಗ ಗೇರು ಬದಲಿಸಬೇಕೆಂದು ಅದೇ ಹೇಳುತ್ತಿತ್ತು. ಮೂರನೇ ದಿನ ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಹೊರಟಳು. ಆರನೇ ದಿನ ಎರಡು ಡ್ರಮ್ಮುಗಳ ನಡುವೆ ರಿವರ್ಸ್ ಬಂದಳು. ಸ್ಟೀರಿಯೊ ಮಾಡಬೇಕಿದ್ದ ಕೆಲಸವನ್ನು ಸ್ಟೀರಿಯೊದ ಜಗಳವೇ ಮಾಡುತ್ತಿತ್ತು.

ಟೆಸ್ಟಿನ ಹಿಂದಿನ ಸಂಜೆ ಮಣ್ಣು ತುಂಬಿದ ಲಾರಿಯೊಂದು ಅವರನ್ನು ಹಿಂದೆ ಹಾಕಿ ಹೋಯಿತು. ಗಾಜಿನ ಮೇಲೆಲ್ಲ ಧೂಳು. ಸೊಸೆ ವೈಪರ್ ಹಾಕಿದಳು.

"...ಕೋಳಿಗಳು ಒಂದರ ಪುಕ್ಕ ಇನ್ನೊಂದು ಕುಕ್ಕಿ ರಕ್ತ ಬರಿಸುತ್ತಿವೆ, ಏನು ಮಾಡಬೇಕು ಎಂದು ಶ್ರೋತೃವೊಬ್ಬರು ಕೇಳಿದ್ದಾರೆ," ಎಂದಿತು ಒಂದು ಹೆಣ್ಣುದನಿ, ಡ್ಯಾಶ್‌ಬೋರ್ಡಿನಿಂದ.

ಮೂವರೂ ಬೆಚ್ಚಿಬಿದ್ದರು. ಸೊಸೆ ಕಾರು ಬದಿಗೆ ನಿಲ್ಲಿಸಿದಳು.

"ಹಾಡ್ತಿದೆ!" ಎಂದ ಮಗ. ಅದು ಹಾಡುತ್ತಿರಲಿಲ್ಲ, ಆದರೆ ಯಾರೂ ತಿದ್ದಲಿಲ್ಲ. ಅವನು ಹಿಂದಿನ ಸ್ಪೀಕರು ಕೇಳಿಸುತ್ತದೆಯೇ ನೋಡಲು ಶಬ್ದವನ್ನು ಮೂವತ್ತಕ್ಕೆ ಏರಿಸಿದ. ಬೇರೆ ಸ್ಟೇಷನ್ನು ಹುಡುಕಿದ. ಏರಿಯಲ್ಲು ಮುರಿದು ಮೋಟಾಗಿದ್ದರಿಂದ ಸಿಕ್ಕಿದ್ದು ಅದೊಂದೇ. "ತಜ್ಞರ ಉತ್ತರ ನಾಳೆ ಬೆಳಿಗ್ಗೆ ಹತ್ತೂವರೆಗೆ," ಎಂದು ಕೂಗಿತು ಹೆಣ್ಣುದನಿ. ಗಾಜು ಸ್ವಚ್ಛವಾಗಿತ್ತು. ಸೊಸೆ ವೈಪರ್ ನಿಲ್ಲಿಸಿದಳು. ವೈಪರ್ ತನ್ನ ಜಾಗಕ್ಕೆ ಮರಳಿ ಮಲಗುವವರೆಗೆ ದನಿ ಇತ್ತು. ಮಲಗಿದೊಡನೆ ಬಂದ್.

ಮತ್ತೆ ಹಾಕಿದಳು. ಬಂತು. ನಿಲ್ಲಿಸಿದಳು. ಹೋಯಿತು.

"ಅಪ್ಪಾ," ಎಂದ ಮಗ, ಒಂಬತ್ತು ದಿನದ ಮೇಲೆ ಮೊದಲ ಬಾರಿಗೆ, "ಕೆಂಪು ವೈರನ್ನ ವೈಪರಿಗೆ ಜೋಡಿಸಿದ್ದೀರಿ."

"ಸಾಧ್ಯವೇ ಇಲ್ಲ."

"ಮಳೆ ಬಂದ್ರೆ ಮಾತ್ರ ಹಾಡೋ ಸ್ಟೀರಿಯೊ!"

ಮಾವ ಇಳಿದು ಮುಂದಿನ ಬಾಗಿಲಿಗೆ ಬಂದು, ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಕೆಂಪು ದಾರವನ್ನು ಎಳೆದು ನೋಡಿದರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ನೋಡಿದರು. ದಾರ ಕಟ್ಟಿಯೇ ಇತ್ತು. ಜಗಳ ಮುಂದುವರಿಯುತ್ತದೆಂದು ಮಗ ಕಾದ. ಮುಂದುವರಿಯಲಿಲ್ಲ.

"ಕಣ್ಣು ಹೋಗಿದೆ ಅಂತ ಡಾಕ್ಟರು ಹೇಳಿದಾಗ ನಾನು ನಂಬಲಿಲ್ಲ," ಎಂದರು ಮಾವ.

ಮನೆ ತಲುಪಿದೊಡನೆ ಮಗ ಬಿಚ್ಚಿ ಸರಿಮಾಡಲು ಸ್ಕ್ರೂಡ್ರೈವರ್ ತಂದ. ಸೊಸೆ ಅದನ್ನು ಕಿತ್ತುಕೊಂಡು ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿ ಬೀಗ ಜಡಿದಳು. "ನಾಳೆ ಹತ್ತಕ್ಕೆ ಟೆಸ್ಟು. ಆ ಕಾರಿಂದ ಇನ್ನೊಂದು ಸ್ಕ್ರೂ ಹೊರಗೆ ಬಂದ್ರೆ ನಾನು ಸುಮ್ನಿರಲ್ಲ."

ಟೆಸ್ಟಿನ ಮೈದಾನದಲ್ಲಿ ಸರದಿ ಬಂದಾಗ ಹತ್ತೂಕಾಲು. ಮೋಡದ ಸುಳಿವಿಲ್ಲದ ಬಿಸಿಲು. ಇನ್‌ಸ್ಪೆಕ್ಟರು ಸಣಕಲು ಮನುಷ್ಯ, ಮುಖ ಗಂಟು. ಬಾಗಿಲು ಹಾಕಿಕೊಂಡು ಹಾಳೆ ತೆಗೆದರು. "ಹಾರ್ನ್." ಒತ್ತಿದಳು. "ಲೈಟು." ಹಾಕಿದಳು. "ಎಡ, ಬಲ." ಆಯಿತು. "ವೈಪರ್."

ಸೊಸೆ ಒಂದು ಕ್ಷಣ ತಡೆದಳು. ಹೇಳಿಬಿಡಲೇ ಎಂದುಕೊಂಡಳು. ಹೇಳುವುದು ಹೇಗೆಂದು ತೋಚದೆ ಹಾಕಿದಳು.

ಹಳದಿ ವೈರು ಸರಿಯಾಗಿತ್ತಲ್ಲ. ಸ್ಟೀರಿಯೊ ಮೂವತ್ತರ ಶಬ್ದವನ್ನು ನೆನಪಿಟ್ಟುಕೊಂಡಿತ್ತು. ಇನ್‌ಸ್ಪೆಕ್ಟರ ಕೈಯಿಂದ ಪೆನ್ನು ಹಾರಿ ಬಿತ್ತು.

"ಇದೇನು!"

"ಕೋಳಿ ಸಾರ್."

"ಏನು?"

"ಕೋಳಿ ಸಾಕಣೆ ಕಾರ್ಯಕ್ರಮ ಸಾರ್. ವೈಪರ್ ಹಾಕಿದ್ರೆ ಬರುತ್ತೆ."

"ನಿಲ್ಲಿಸಿ."

ನಿಲ್ಲಿಸಿದಳು. ವೈಪರ್ ಮಲಗುವಷ್ಟರಲ್ಲಿ ರೇಡಿಯೊ "ನಿನ್ನೆಯ ಪ್ರಶ್ನೆಗೆ ಇನ್ನು ಕೆಲವೇ ನಿಮಿಷಗಳಲ್ಲಿ" ಎಂದು ಹೇಳಿ ಮುಗಿಸಿತು. ಇನ್‌ಸ್ಪೆಕ್ಟರು ಪೆನ್ನು ಎತ್ತಿಕೊಂಡು ಅವಳ ಮುಖ ನೋಡಿದರು. "ಹೊರಡಿ."

ಅವಳು ಹೊರಟಳು. ಪಕ್ಕದಲ್ಲಿ ಮಾತಿಲ್ಲದ ಮನುಷ್ಯ ಕೂರುವುದು ಅವಳಿಗೆ ಒಂಬತ್ತು ದಿನದ ಅಭ್ಯಾಸ. ಎಂಟರ ಆಕಾರ ಮುಗಿಸಿದಳು. ಏರಿನಲ್ಲಿ ನಿಂತು ಹೊರಟಳು. ಡ್ರಮ್ಮುಗಳ ನಡುವೆ ರಿವರ್ಸ್ ಬಂದಳು, ಎರಡೂ ಕಡೆ ಗೇಣು ಜಾಗ ಬಿಟ್ಟು. ಇನ್‌ಸ್ಪೆಕ್ಟರು ಹಾಳೆಯಲ್ಲಿ ಏನೋ ಬರೆದರು, ಗಡಿಯಾರ ನೋಡಿಕೊಂಡರು.

"ಆ ವೈಪರ್ ಹಾಕಿ."

"ಸಾರ್?"

"ಹಾಕಿ. ಇನ್ನೊಂದು ಸುತ್ತು ಹೋಗಿ. ನಿಧಾನಕ್ಕೆ."

ಬೇಲಿಯಾಚೆ ಅಪ್ಪ ಮಗ ಕಂಬಿ ಹಿಡಿದು ನಿಂತಿದ್ದರು.

"ಇನ್ನೊಂದು ಸುತ್ತು ಕಳಿಸಿದ್ರು ಅಂದ್ರೆ ಮುಗೀತು," ಎಂದ ಮಗ. "ಈ ಬಿಸಿಲಲ್ಲಿ ವೈಪರ್ ಹಾಕ್ಕೊಂಡಿದ್ದಾಳೆ ನೋಡಿ. ಗಾಬರಿ ಆಗಿದ್ದಾಳೆ."

"ನನ್ನಿಂದಾನೇ," ಎಂದರು ಮಾವ.

ಮಗ ಅವರತ್ತ ತಿರುಗಿದ. ಸರಿಯಾದ ಉತ್ತರ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಇಲ್ಲ ಬಿಡಿ. ನಾನೂ ಪುಟ ಹದಿನಾಲ್ಕು ಓದಿ ಮುಗಿಸಬೇಕಿತ್ತು."

ಕಾರಿನೊಳಗೆ ತಜ್ಞರು ವಿವರಿಸುತ್ತಿದ್ದರು. ಇಕ್ಕಟ್ಟಾದ ಗೂಡಿನಲ್ಲಿ ಹೆಚ್ಚು ಕೋಳಿ ತುಂಬಿದರೆ, ಬೆಳಕು ಅತಿಯಾದರೆ, ಮಾಡಲು ಬೇರೆ ಕೆಲಸವಿಲ್ಲದಿದ್ದರೆ ಅವು ಒಂದನ್ನೊಂದು ಕುಕ್ಕುತ್ತವೆ. ಜಾಗ ಕೊಡಿ. ಬೆಳಕು ಕಡಿಮೆ ಮಾಡಿ. ಕುಕ್ಕಿಕೊಂಡಿರಲು ಸೊಪ್ಪಿನ ಕಟ್ಟು ತೂಗುಹಾಕಿ.

"ಹನ್ನೆರಡು ಇಟ್ಟಿದ್ದೀನಿ," ಎಂದರು ಇನ್‌ಸ್ಪೆಕ್ಟರು. "ಜಾಗ ಇರೋದು ಎಂಟಕ್ಕೆ. ಹೆಂಡತಿ ಹೇಳಿದ್ಲು, ನಾನು ಕೇಳಲಿಲ್ಲ." ಮುಖದ ಗಂಟು ಒಂದಿಷ್ಟು ಸಡಿಲವಾಗಿತ್ತು.

"ಸಾರ್," ಎಂದಳು ಸೊಸೆ, ತಿರುವಿನಲ್ಲಿ ಗೇರು ಇಳಿಸುತ್ತ, "ನನ್ನದು ಏನಾಯ್ತು?"

"ನೀವು ಆಗಲೇ ಪಾಸು. ಈ ಸುತ್ತು ನನಗೆ."

ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬೇಯಿಸಿದ್ದರು. ಮಗ ಮೈದಾನದ ಕಥೆಯನ್ನು ಮೂರನೇ ಸಲ ಹೇಳಿದ. ಎಲ್ಲರೂ ನಕ್ಕರು, ಮಾವ ಬಿಟ್ಟು. ಅವರು ಕನ್ನಡಕವನ್ನು ತಟ್ಟೆಯ ಪಕ್ಕದಲ್ಲಿ ಮಡಚಿಟ್ಟು ಹೇಳಿದರು: "ನನ್ನ ಸಾಮಾನಿನ ಚೀಲ ಯಾರಿಗಾದ್ರೂ ಕೊಟ್ಬಿಡಿ. ಕೆಂಪಿಗೂ ವೈಪರಿಗೂ ವ್ಯತ್ಯಾಸ ತಿಳಿಯದವನು ಅದನ್ನ ಇಟ್ಕೋಬಾರದು."

ಅತ್ತೆ ನೀರಿನ ಲೋಟ ಕೆಳಗಿಟ್ಟರು.

"ರೀ, ಆ ದಾರ ನೀವು ಕಟ್ಟಿದ್ದಲ್ಲ."

"ಮತ್ತೆ?"

"ನೀವು ಕಟ್ಟಿದ್ದನ್ನ ನಾನು ಕಸ ಅಂತ ಕತ್ತರಿಸಿ ಹಾಕಿದೆ. ಆಮೇಲೆ ಗೊತ್ತಾಗಿ ನಾನೇ ಕಟ್ಟಿದೆ. ಎಲ್ಲಿತ್ತೋ ಅಲ್ಲೇ ಕಟ್ಟಿದ್ದೀನಿ ಅಂದ್ಕೊಂಡಿದ್ದೆ."

ಮಾವ ಕನ್ನಡಕ ಹಾಕಿಕೊಂಡು ಹೆಂಡತಿಯನ್ನು ನೋಡಿದರು. ಮೊದಲು ಮುಖ ಅರಳಿತು, ಆಮೇಲೆ ಕೆಂಪೇರಿತು.

"ಅಂದ್ರೆ ನನ್ನ ಕಣ್ಣು ಸರಿ ಇದೆ!"

"ಕಾರು ಓಡಿಸೋಷ್ಟಿಲ್ಲ," ಎಂದ ಮಗ.

"ನೀನು ಸುಮ್ನಿರೋ. ಎರಡು ವಾರ! ಆ ಅಂಗಡಿಯವನ ಮುಂದೆ ತಲೆ ತಗ್ಗಿಸಿ ಬಂದೆ! ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ?"

"ನೀವಿಬ್ರೂ ಮಾತು ಬಿಟ್ಟಿದ್ರಲ್ಲ," ಎಂದರು ಅತ್ತೆ. "ಮನೆ ಎಷ್ಟು ನೆಮ್ಮದಿಯಾಗಿತ್ತು. ಹಾಗೇ ಇರ್ಲಿ ಅನ್ನಿಸ್ತು."

ಊಟ ಮುಗಿಯುವಷ್ಟರಲ್ಲಿ ಅಪ್ಪ ಮಗ ಕೆಂಪು ವೈರನ್ನು ಸರಿಯಾದ ಜಾಗಕ್ಕೆ ಹಾಕುವ ಬಗ್ಗೆ ಚರ್ಚೆ ಶುರು ಮಾಡಿದ್ದರು. ಬಲ್ಬು ಮೊದಲೋ ಪುಸ್ತಕ ಮೊದಲೋ ಎಂದು. ಸೊಸೆ ಡ್ರಾಯರಿನ ಕೀ ಕೊಡಲಿಲ್ಲ. "ಒಂದನೇ ತಾರೀಖು ಕಳೀಲಿ," ಎಂದಳು.

ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಮೊದಲ ಇಪ್ಪತ್ತು ಸಮವಸ್ತ್ರದ ಗಂಟುಗಳು ಕಾರಿಗೇರಿದವು. ಮೊದಲ ದಿನ ಒಬ್ಬಳನ್ನೇ ಕಳಿಸಲಾಗದು ಎಂದು ಮಗ ರಜೆ ಹಾಕಿದ್ದ. ಅದೇ ಕಾರಣಕ್ಕೆ ಮಾವ ಹೊಸ ಅಂಗಿ ತೊಟ್ಟು ಬಂದಿದ್ದರು. ಮುಂದಿನ ಸೀಟಿನಲ್ಲಿ ಅತ್ತೆ ಆಗಲೇ ಕೂತು ಬಾಗಿಲು ಹಾಕಿಕೊಂಡಿದ್ದರಿಂದ ಅಪ್ಪ ಮಗ ಇಬ್ಬರೂ ಹಿಂದೆ, ಗಂಟುಗಳ ನಡುವೆ ಮೊಣಕಾಲು ಮಡಚಿ ಕೂರಬೇಕಾಯಿತು. ಕೂರುವ ಮುನ್ನ ಮಾವ ಮುಂದಿನ ಗಾಜನ್ನು ನೋಡಿ ನಿಂತರು. ಎರಡೂ ವೈಪರಿಗೆ ಮೆತ್ತನೆಯ ಬಿಳಿ ಬಟ್ಟೆಯ ಚೀಲ ಹೊಲಿದು ತೊಡಿಸಿತ್ತು, ಅಂಚಿಗೆ ಅಚ್ಚುಕಟ್ಟಾದ ಕೆಂಪು ದಾರ.

"ಇದೇನಮ್ಮ, ವೈಪರಿಗೆ ಕಾಲುಚೀಲ?"

"ಗಾಜು ಗೀರಬಾರದಲ್ಲ ಮಾವ."

ಕಾರು ಗೇಟು ದಾಟಿತು.

"ಎರಡನೇ ಗೇರಿಗೆ ಹಾಕು," ಎಂದ ಗಂಡ ಗಂಟಿನ ಹಿಂದಿನಿಂದ.

"ಈಗಲೇ ಬೇಡಮ್ಮ," ಎಂದರು ಮಾವ.

"ಅಪ್ಪಾ, ಅವಳಿಗೆ ಲೈಸೆನ್ಸ್ ಬಂದಿದೆ, ನೀವು..."

"ಬಂದಿದ್ರೆ ನೀನ್ಯಾಕೆ ಹೇಳ್ತಿದ್ದೀಯ?"

ಸೊಸೆ ವೈಪರ್ ಹಾಕಿದಳು. ಬಿಳಿ ಚೀಲಗಳು ಒಣ ಗಾಜಿನ ಮೇಲೆ ಸದ್ದಿಲ್ಲದೆ ಆಡತೊಡಗಿದವು. ಹಸುವಿನ ಮೇವಿನ ಬಗ್ಗೆ ಯಾರೋ ಗಟ್ಟಿಯಾಗಿ ಮಾತಾಡತೊಡಗಿದರು. ಅತ್ತೆ ಕೈ ಚಾಚಿ ಶಬ್ದವನ್ನು ಇನ್ನೂ ಎರಡು ಗೆರೆ ಏರಿಸಿದರು.

ಮಾವ ಮುಂದೆ ಬಗ್ಗಿ ಕೂಗಿದರು: "ಮಳೆ ಎಲ್ಲಮ್ಮ ಬರ್ತಿದೆ?"

"ಹಿಂದಿನ ಸೀಟಲ್ಲಿ, ಮಾವ," ಎಂದಳು ಸೊಸೆ, ಮತ್ತು ಎರಡನೇ ಗೇರಿಗೆ ಹಾಕಿದಳು.